ಪಿಸಿಬಿ ಆದ ಮೇಲೆ ಬಿಎಸ್ಸಿ: ಆರೋಗ್ಯ ಕ್ಷೇತ್ರಕ್ಕೆ ಹೋಗುವವರು ವಿಷಯಗಳನ್ನು ಹೇಗೆ ಜೋಡಿಸಿಕೊಳ್ಳಬೇಕು? (ಮುಂಬೈ, ಪುಣೆ)

ಡೊಂಬಿವಲಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಮಹಾರಾಷ್ಟ್ರ ಬೋರ್ಡಿನಲ್ಲಿ ಎಚ್‌ಎಸ್‌ಸಿ (ಹನ್ನೆರಡನೇ ತರಗತಿ) ಮುಗಿಸಿದ್ದಾಳೆ, ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ). ನೀಟ್ ಅಂಕ ಸರ್ಕಾರಿ ಸೀಟಿಗೆ ಸಾಲದು. ಒಂದು ವರ್ಷ ಮನೆಯಲ್ಲಿ ಕೂರುವ ಬದಲು ಬಿಎಸ್ಸಿಗೆ ಸೇರಿ ಇನ್ನೊಮ್ಮೆ ನೀಟ್ ಬರೆಯಬೇಕು ಅಂತಿದ್ದಾಳೆ. ನಮ್ಮ ಮುಂದಿರುವುದು ಮೂರು: ಕೆಮಿಸ್ಟ್ರಿ ಮೇಜರ್ (ಮುಖ್ಯ ವಿಷಯ) ಜೊತೆ ಝೂವಾಲಜಿ ಮೈನರ್ (ಪೂರಕ ವಿಷಯ), ಮೈಕ್ರೊಬಯಾಲಜಿ, ಬಯೊಟೆಕ್ನಾಲಜಿ. ನೀಟ್ ಕೈಕೊಟ್ಟರೂ ಆರೋಗ್ಯ ಕ್ಷೇತ್ರದಲ್ಲೇ ಇರಬೇಕು ಅನ್ನುವುದು ಅವಳ ಆಸೆ. ಯಾವುದನ್ನು ಹಿಡಿದರೆ ಒಳ್ಳೆಯದು?

ಬ್ಯುರೆಟ್_ಮಾಟುಂಗಾ

ಅಕ್ಕ, ವಿಷಯ ಆರಿಸುವ ಮೊದಲು ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ನಮ್ಮ ದೇಶದಲ್ಲಿ ಎಂಬಿಬಿಎಸ್, ಬಿಡಿಎಸ್, ಬಿಎಎಂಎಸ್, ಫಿಸಿಯೊಥೆರಪಿ, ಆಕ್ಯುಪೇಷನಲ್ ಥೆರಪಿ, ನರ್ಸಿಂಗ್, ಬಿ.ಫಾರ್ಮ್ ಎಲ್ಲಕ್ಕೂ ಬುನಾದಿ ಹನ್ನೆರಡನೇ ತರಗತಿ. ಬಿಎಸ್ಸಿಯಲ್ಲಿ ಎಷ್ಟೇ ಅಂಕ ತೆಗೆದರೂ ನೀಟ್ ರ‍್ಯಾಂಕ್ ಅದರಿಂದ ಒಂದು ಸ್ಥಾನವೂ ಮೇಲೆ ಹೋಗುವುದಿಲ್ಲ. ಅಮೆರಿಕದಲ್ಲಿರುವ ನೆಂಟರು ಪ್ರೀಮೆಡ್ ಅಂತ ಹೇಳುತ್ತಾರಲ್ಲ, ಪದವಿ ಓದಿ ಆಮೇಲೆ ಮೆಡಿಕಲ್‌ಗೆ ಹೋಗುವುದು, ಆ ಪದ್ಧತಿ ಇಲ್ಲಿಲ್ಲ.

ಹಾಗಾಗಿ ಬಿಎಸ್ಸಿಯನ್ನು ನೀಟ್‌ಗೆ ಕಾಯುವ ಜಾಗ ಅಂದುಕೊಂಡು ಸೇರಿದರೆ ಎರಡೂ ಕೆಡುತ್ತವೆ. ನೀಟ್ ಆಗದೇ ಹೋದರೆ ಮೂರು ವರ್ಷದ ನಂತರ ಈ ಪದವಿ ಯಾವ ಕೋರ್ಸಿಗೆ, ಯಾವ ಕೆಲಸಕ್ಕೆ ಒಯ್ಯುತ್ತದೆ ಅನ್ನುವುದನ್ನು ಮೊದಲು ನೋಡಿ ಮೇಜರ್ ಆರಿಸಿ.

ಕೆಮಿಸ್ಟ್ರಿ ಮೇಜರ್, ಝೂವಾಲಜಿ ಮೈನರ್ ಗಟ್ಟಿ ಜೋಡಿ. ಬಯೊಕೆಮಿಸ್ಟ್ರಿ, ಔಷಧ ವಿಶ್ಲೇಷಣೆ, ಕ್ಲಿನಿಕಲ್ ರಿಸರ್ಚ್ ಎಲ್ಲ ಕಡೆಗೂ ದಾರಿ ಇದೆ. ಆಸ್ಪತ್ರೆಯ ಲ್ಯಾಬ್, ಸೋಂಕು ನಿಯಂತ್ರಣ, ಲಸಿಕೆ ಅಥವಾ ಔಷಧ ಕಂಪನಿಯ ಗುಣಮಟ್ಟ ವಿಭಾಗ ಮನಸ್ಸಿನಲ್ಲಿದ್ದರೆ ಮೈಕ್ರೊಬಯಾಲಜಿ. ಬಯೊಟೆಕ್ ನಮ್ಮ ಕಡೆ ಹೆಚ್ಚಾಗಿ ಅನುದಾನರಹಿತ ಕೋರ್ಸು, ಫೀ ಜಾಸ್ತಿ. ಎಂಎಸ್ಸಿ, ಪಿಎಚ್‌ಡಿ ತನಕ ಹೋಗುವ ಮನಸ್ಸಿದ್ದವರಿಗೆ ಮಾತ್ರ ಅದು ಸರಿ. ಬಿಎಸ್ಸಿಗೇ ನಿಲ್ಲಿಸಿದರೆ ಬಯೊಟೆಕ್‌ನವರಿಗೆ ಸಿಗುವ ಕೆಲಸ ಮೈಕ್ರೊದವರಿಗೆ ಸಿಗುವುದಕ್ಕಿಂತ ಬೇರೆ ಏನಲ್ಲ.

ಕೊಥ್ರೂಡ್_ಕನ್ನಡಿಗ

ಬ್ಯುರೆಟ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆಯ್ಕೆ ಮಾಡುವಾಗ ಬಿ.ಫಾರ್ಮ್ ಬಿಟ್ಟುಬಿಡಬೇಡಿ. ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಎಂಎಚ್‌ಟಿ-ಸಿಇಟಿಯ ಪಿಸಿಬಿ ಗುಂಪು ಬರೆದಿದ್ದರೆ ಆ ಅಂಕದ ಮೇಲೆ ಬಿ.ಫಾರ್ಮ್ ಸಿಗುತ್ತದೆ. ಆ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಹನ್ನೊಂದನೇ ತರಗತಿಯ ಭಾಗ ಸುಮಾರು 20 ಶೇಕಡಾ ಮಾತ್ರ. ನಾಲ್ಕು ವರ್ಷ ಓದಿದರೆ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಆಗುವ ವೃತ್ತಿಪರ ಪದವಿ ಕೈಯಲ್ಲಿರುತ್ತದೆ. ಬಿಎಸ್ಸಿ ಹಾಗಲ್ಲ, ಅದರ ಮೇಲೆ ಇನ್ನೊಂದು ಓದಲೇಬೇಕು. ಕೆಮಿಸ್ಟ್ರಿ ಇಷ್ಟ, ಆರೋಗ್ಯ ಕ್ಷೇತ್ರ ಬೇಕು ಅನ್ನುವ ಹುಡುಗಿಗೆ ಬಿಎಸ್ಸಿ ಕೆಮಿಸ್ಟ್ರಿಗಿಂತ ಬಿ.ಫಾರ್ಮ್ ಹತ್ತಿರದ ದಾರಿ.

ಹಾಗೆಯೇ ಮಹಾರಾಷ್ಟ್ರದಲ್ಲಿ ಫಿಸಿಯೊ, ಆಕ್ಯುಪೇಷನಲ್ ಥೆರಪಿ, ಬಿಎಎಸ್‌ಎಲ್‌ಪಿ (ಶ್ರವಣ ಮತ್ತು ವಾಕ್ ಚಿಕಿತ್ಸೆ), ಪ್ರಾಸ್ಥೆಟಿಕ್ಸ್ ಪ್ರವೇಶವೂ ನೀಟ್ ಮೂಲಕ ಸಿಇಟಿ ಸೆಲ್‌ನಲ್ಲೇ (ರಾಜ್ಯದ ಪ್ರವೇಶ ನಡೆಸುವ ಕಚೇರಿ) ನಡೆಯುತ್ತದೆ. ಎಂಬಿಬಿಎಸ್‌ಗೆ ಸಾಲದ ಅಂಕಕ್ಕೆ ಇವುಗಳಲ್ಲಿ ಸೀಟು ಇರುತ್ತದೆ. ಆದರೆ ತುಂಬ ಮನೆಗಳಲ್ಲಿ ಎಂಬಿಬಿಎಸ್ ಪಟ್ಟಿ ನೋಡಿ ನಿರಾಶೆಯಾಗಿ ಈ ಕೋರ್ಸುಗಳ ಗುಂಪಿನ ಪ್ರಕ್ರಿಯೆಗೆ ಹೆಸರೇ ನೋಂದಾಯಿಸುವುದಿಲ್ಲ. ದಿನಾಂಕ ದಾಟಿದ ಮೇಲೆ ಗೊತ್ತಾಗುತ್ತದೆ. ಅಕ್ಕ, ಇವತ್ತೇ ಸಿಇಟಿ ಸೆಲ್ ಜಾಲತಾಣ ನೋಡಿ.

ಡೊಂಬಿವಲಿ_ಅಮ್ಮ

ಸಿಇಟಿ ಸೆಲ್‌ನಲ್ಲಿ ಎಂಬಿಬಿಎಸ್ ಗುಂಪಿಗೆ ಮಾತ್ರ ಹಾಕಿದ್ದೆವು. ನೋಡುತ್ತೇನೆ, ತುಂಬ ಉಪಕಾರ. ಒಂದು ವೇಳೆ ಬಿಎಸ್ಸಿಯೇ ಆದರೆ ಜೊತೆಗೆ ನೀಟ್ ಓದಲು ನಿಜವಾಗಿ ಆಗುತ್ತದೆಯೇ? ಮೇಜರ್, ಮೈನರ್, ಕ್ರೆಡಿಟ್ ಅಂತ ಕಾಲೇಜಿನವರು ಹೇಳಿದ್ದು ಅರ್ಧ ಅರ್ಥವಾಗಲಿಲ್ಲ.

ಟಿವೈ_ಮಾರ್ಗದರ್ಶಿ

ಕ್ರೆಡಿಟ್ ಲೆಕ್ಕ ಹೇಳುತ್ತೇನೆ ಅಕ್ಕ. ಮುಂಬೈ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ 2024–25ರಿಂದ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಿದೆ. ಒಂದು ಸೆಮಿಸ್ಟರ್‌ಗೆ 22 ಕ್ರೆಡಿಟ್, ಮೂರು ವರ್ಷಕ್ಕೆ 132, ನಾಲ್ಕು ವರ್ಷದ ಆನರ್ಸ್‌ಗೆ 176. ಥಿಯರಿಯಲ್ಲಿ ಒಂದು ಕ್ರೆಡಿಟ್ ಅಂದರೆ 15 ಗಂಟೆ, ಪ್ರಾಕ್ಟಿಕಲ್‌ನಲ್ಲಿ 30 ಗಂಟೆ.

ಹಳೆಯ ಪದ್ಧತಿಯಲ್ಲಿ ಎಫ್‌ವೈಗೆ (ಮೊದಲ ವರ್ಷ; ಎಸ್‌ವೈ ಎರಡನೇ, ಟಿವೈ ಮೂರನೇ ವರ್ಷ) ಮೂರು ವಿಜ್ಞಾನ ವಿಷಯ ಇರುತ್ತಿತ್ತು, ಫಿಸಿಕ್ಸ್ ಬಿಡದೆ ಇಟ್ಟುಕೊಳ್ಳಬಹುದಿತ್ತು. ಈಗ ಒಂದು ಮೇಜರ್, ಒಂದು ಮೈನರ್. ಓಪನ್ ಇಲೆಕ್ಟಿವ್ ಮೇಜರ್‌ನ ವಿಭಾಗದ ಹೊರಗಿನದೇ ಆಗಬೇಕು, ಅಂದರೆ ವಿಜ್ಞಾನದವರು ಕಲಾ ಅಥವಾ ವಾಣಿಜ್ಯದ ವಿಷಯ ತೆಗೆದುಕೊಳ್ಳಬೇಕು. ‘ಫಿಸಿಕ್ಸನ್ನು ಇಲೆಕ್ಟಿವ್ ಆಗಿ ತೆಗೆದುಕೊಳ್ಳುತ್ತೇನೆ’ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಕೆಮಿಸ್ಟ್ರಿ–ಝೂವಾಲಜಿ ಹಿಡಿದ ಹುಡುಗಿಯ ಕೈಯಿಂದ ಫಿಸಿಕ್ಸ್ ಮೊದಲ ದಿನವೇ ಜಾರುತ್ತದೆ. ನೀಟ್‌ನಲ್ಲಿ ಅದೇ ಫಿಸಿಕ್ಸ್‌ಗೆ 180 ಅಂಕ. ಬಿಎಸ್ಸಿ ಜೊತೆ ನೀಟ್ ಬರೆಯುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಇದಕ್ಕೆ ಇರುವ ಒಂದು ಅನುಕೂಲ ಸ್ವಯಂ ಅಥವಾ ಎನ್‌ಪಿಟಿಇಎಲ್ ತಾಣದ ಆನ್‌ಲೈನ್ ಕೋರ್ಸು. ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ 40 ಶೇಕಡಾದವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಎನ್‌ಪಿಟಿಇಎಲ್‌ನಲ್ಲಿ 12 ವಾರದ ಕೋರ್ಸಿಗೆ 3 ಕ್ರೆಡಿಟ್, 8 ವಾರಕ್ಕೆ 2. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಎರಡರಲ್ಲೂ ಬೇರೆ ಬೇರೆಯಾಗಿ ಕನಿಷ್ಠ ದಾಟಬೇಕು: 25ಕ್ಕೆ 10, 75ಕ್ಕೆ 30. ಅಸೈನ್‌ಮೆಂಟನ್ನು ಹಗುರವಾಗಿ ತೆಗೆದುಕೊಂಡು ಪರೀಕ್ಷೆಯಲ್ಲಿ 60 ತೆಗೆದವರಿಗೂ ಸರ್ಟಿಫಿಕೇಟ್ ಸಿಗುವುದಿಲ್ಲ. ಕೋರ್ಸಿಗೆ ಹೆಸರು ಕೊಡುವ ಮೊದಲು ಆ ಕ್ರೆಡಿಟ್ ಯಾವುದರ ಬದಲಿಗೆ ಲೆಕ್ಕಕ್ಕೆ ಬರುತ್ತದೆ ಅಂತ ಕಾಲೇಜಿನಿಂದ ಬರವಣಿಗೆಯಲ್ಲಿ ಪಡೆಯಿರಿ.

ಇನ್ನೊಂದು ವಿಷಯ ಸಮಾಧಾನದ್ದು. ಎಫ್‌ವೈ ಮುಗಿದ ಮೇಲೆ ಮೆಡಿಕಲ್ ಸೀಟು ಸಿಕ್ಕಿ ಹೊರಗೆ ಹೋದರೆ, ನಿಗದಿತ 4 ಕ್ರೆಡಿಟ್‌ನ ಕೌಶಲ ಕೋರ್ಸು ಮಾಡಿದ್ದರೆ ಒಂದು ವರ್ಷದ ಯುಜಿ ಸರ್ಟಿಫಿಕೇಟ್ ಸಿಗುತ್ತದೆ. ಗಳಿಸಿದ ಕ್ರೆಡಿಟ್ ಅಕಾಡೆಮಿಕ್ ಬ್ಯಾಂಕ್ ಅನ್ನುವ ಕ್ರೆಡಿಟ್ ಖಾತೆಯಲ್ಲಿ ಇರುತ್ತದೆ.

ಪರೇಲ್_ಪಥ್ಯ

ನೀಟ್ ಜೊತೆಗೆ ಓದಲು ಆಗುತ್ತದೆಯೇ ಅಂದರೆ, ಒಂದು ಸಲಕ್ಕೆ ಆಗುತ್ತದೆ. ಎರಡನೇ ಸಲಕ್ಕೆ ನಾನು ಬೇಡ ಅನ್ನುತ್ತೇನೆ.

ನೀಟ್ ಸಾಮಾನ್ಯವಾಗಿ ಮೇ ಮೊದಲ ಭಾನುವಾರ. ಎರಡನೇ ಸೆಮಿಸ್ಟರ್ ಪರೀಕ್ಷೆ ಬರುವುದೂ ಏಪ್ರಿಲ್–ಮೇನಲ್ಲೇ. ಮಾರ್ಚ್‌ನಲ್ಲಿ ಪ್ರಾಕ್ಟಿಕಲ್, ಜರ್ನಲ್ (ಪ್ರಾಕ್ಟಿಕಲ್ ದಾಖಲೆ ಪುಸ್ತಕ) ಸರ್ಟಿಫೈ ಮಾಡಿಸುವ ಓಡಾಟ. ಇವೆಲ್ಲ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ನೀಟ್‌ನ ಹೊಸ ಓದು ಫೆಬ್ರುವರಿ ಕೊನೆಗೆ ಮುಗಿದಿರಬೇಕು, ಮಾರ್ಚ್ ಮತ್ತು ಏಪ್ರಿಲ್ ಪುನರಾವರ್ತನೆಗೆ ಮಾತ್ರ. ಜೂನ್‌ನಿಂದ ಲೆಕ್ಕ ಹಾಕಿದರೆ ಒಂಬತ್ತು ತಿಂಗಳು. ವಾರಕ್ಕೆ 18ರಿಂದ 20 ಗಂಟೆ ನೀಟ್‌ಗೆ ಇಡಬಲ್ಲಳೇ ನೋಡಿ, ಅದರಲ್ಲಿ ಅರ್ಧ ಫಿಸಿಕ್ಸ್‌ಗೆ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತುಕೊಂಡು ಸಂಖ್ಯೆಯ ಲೆಕ್ಕ ಮಾಡಲು ಆಗುವುದಿಲ್ಲ. ಆ ಸಮಯ ಎನ್‌ಸಿಇಆರ್‌ಟಿ ಬಯಾಲಜಿಯ ಚಿತ್ರ, ಪಟ್ಟಿಗಳನ್ನು ಬಾಯಿಪಾಠ ಮಾಡಲು ಸರಿ.

ಮಹಾರಾಷ್ಟ್ರ ಬೋರ್ಡಿನ ಮಕ್ಕಳು ಮರೆಯುವುದೊಂದಿದೆ. ನೀಟ್‌ನ ಬಯಾಲಜಿ ಪ್ರಶ್ನೆ ಎನ್‌ಸಿಇಆರ್‌ಟಿಯ ವಾಕ್ಯವನ್ನೇ ಹಿಡಿದು ಬರುತ್ತದೆ. ಬೋರ್ಡಿನ ಪುಸ್ತಕದಲ್ಲಿ ವಿಷಯ ಅದೇ ಇದ್ದರೂ ಮಾತು ಬೇರೆ, ಉದಾಹರಣೆ ಬೇರೆ. ಅಣ್ಣ ಅಕ್ಕಂದಿರ ಹಳೆಯ ನೀಟ್ ಗೈಡ್ ಇಟ್ಟುಕೊಂಡು ಓದುವುದೂ ಬೇಡ. 2024ರ ಪರೀಕ್ಷೆಯಿಂದ ಪಠ್ಯ ಬದಲಾಗಿದೆ. ಕೆಮಿಸ್ಟ್ರಿಯಲ್ಲಿ ಸಾಲಿಡ್ ಸ್ಟೇಟ್, ಪಾಲಿಮರ್‌ನಂಥ ಅಧ್ಯಾಯಗಳು ಹೋಗಿವೆ, ಫಿಸಿಕ್ಸ್‌ನಲ್ಲಿ ಪ್ರಯೋಗ ಕೌಶಲದ ಘಟಕ ಬಂದಿದೆ. ವರ್ನಿಯರ್, ಸ್ಕ್ರೂ ಗೇಜ್, ಮೀಟರ್ ಬ್ರಿಡ್ಜ್ ಓದದೆ ಹೋಗಬಾರದು.

2025ರಿಂದ ಪ್ರಶ್ನೆ 180, ಸಮಯ 180 ನಿಮಿಷ. ಮೊದಲಿದ್ದ ಆಯ್ಕೆಯ ಪ್ರಶ್ನೆಗಳೂ ಇಲ್ಲ, ಹೆಚ್ಚುವರಿ 20 ನಿಮಿಷವೂ ಇಲ್ಲ. ಬಯಾಲಜಿಯ 90 ಪ್ರಶ್ನೆ 50 ನಿಮಿಷದಲ್ಲಿ, ಕೆಮಿಸ್ಟ್ರಿ 50 ನಿಮಿಷದಲ್ಲಿ ಮುಗಿದರೆ ಫಿಸಿಕ್ಸ್‌ಗೆ 65 ನಿಮಿಷ ಸಿಗುತ್ತದೆ, 15 ನಿಮಿಷ ಓಎಂಆರ್ (ಉತ್ತರ ಗುರುತಿಸುವ) ಹಾಳೆಗೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಓಎಂಆರ್ ಹಾಳೆಯನ್ನೇ ಇಟ್ಟುಕೊಂಡು ತುಂಬಿಸಿ ನೋಡಿ. ತಪ್ಪಿಗೆ ಒಂದು ಅಂಕ ಕಡಿತ, ಸರಿಗೆ ನಾಲ್ಕು. ನಾಲ್ಕು ಆಯ್ಕೆಯಲ್ಲಿ ಎರಡನ್ನು ಖಚಿತವಾಗಿ ಹೊಡೆದುಹಾಕಿದ ಮೇಲೆ ಊಹೆ ಮಾಡುವುದು ಲಾಭ. ಏನೂ ತಿಳಿಯದೆ ಗುರುತು ಹಾಕುವುದನ್ನು ರೂಢಿ ಮಾಡಿಕೊಳ್ಳಬಾರದು.

ಅಗರ್_ಪ್ಲೇಟ್

ಪರೇಲ್ ಮೇಡಂ, ಎರಡನೇ ಸಲ ಬೇಡ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮೇಲಿನ ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲವಾದರೂ ಬರೆಯಬಹುದು. ಟಿವೈ ಮುಗಿಸಿ ಬರೆದು ಗೆದ್ದವರೂ ಇದ್ದಾರೆ.

ಪರೇಲ್_ಪಥ್ಯ

ಬರೆಯಬಹುದು ಸರ್, ಅದರಲ್ಲಿ ಎರಡು ಮಾತಿಲ್ಲ. ನನ್ನ ಆಕ್ಷೇಪ ಎಸ್‌ವೈನಲ್ಲಿ ಬರೆಯುವುದಕ್ಕೆ. ಬಿಎಸ್ಸಿಯ ನಿಜವಾದ ಓದು ಶುರುವಾಗುವುದೇ ಎಸ್‌ವೈನಲ್ಲಿ. ಆ ವರ್ಷ ನೀಟ್ ಕಡೆ ಗಮನ ಹೋಗಿ ಎರಡು ಪೇಪರಿಗೆ ಎಟಿಕೆಟಿ (ಫೇಲಾದ ಪೇಪರ್ ಉಳಿಸಿಕೊಂಡು ಮುಂದಿನ ವರ್ಷಕ್ಕೆ ಹೋಗುವುದು) ಬಂದರೆ ಟಿವೈ ಪೂರ್ತಿ ಅದರ ಹಿಂದೆ ಓಡುವುದಾಗುತ್ತದೆ, ಮಾರ್ಕ್‌ಶೀಟಿನಲ್ಲಿ ಕಲೆ ಉಳಿಯುತ್ತದೆ. ಮುಂದೆ ಎಂಎಸ್ಸಿ ಪ್ರವೇಶದಲ್ಲಿ, ಹೊರದೇಶದ ಅರ್ಜಿಯಲ್ಲಿ ಆ ಕಲೆಯನ್ನೇ ಮೊದಲು ನೋಡುತ್ತಾರೆ. ಎಫ್‌ವೈನಲ್ಲಿ ಒಮ್ಮೆ ಬರೆಯಲಿ. ಆಗಲಿಲ್ಲವೋ, ಎಸ್‌ವೈ ಟಿವೈ ಪೂರ್ತಿ ಬಿಎಸ್ಸಿಗೆ ಕೊಡಲಿ. ಆಮೇಲೂ ಆಸೆ ಉಳಿದಿದ್ದರೆ ಪದವಿ ಕೈಯಲ್ಲಿಟ್ಟುಕೊಂಡು ಒಂದು ವರ್ಷ ಪೂರ್ತಿ ನೀಟ್‌ಗೆ ಕೂರಲಿ.

ಅಗರ್_ಪ್ಲೇಟ್

ಹಾಗಾದರೆ ಒಪ್ಪಿದೆ.

ಮೈಕ್ರೊಬಯಾಲಜಿ ಬಗ್ಗೆ ನನ್ನ ಪಾಲಿನದು ಹೇಳುತ್ತೇನೆ. ಮೂರು ವರ್ಷದಲ್ಲಿ ಸಂಪಾದಿಸಬೇಕಾದ್ದು ಕೈಯ ಕೆಲಸ. ಅಂಕ ಅದರ ಹಿಂದೆ ಬರುತ್ತದೆ. ಲ್ಯಾಬ್ ಸಂದರ್ಶನದಲ್ಲಿ ‘ಸೀರಿಯಲ್ ಡೈಲ್ಯೂಷನ್ ಮಾಡಿ ತೋರಿಸಿ’ (ಮಾದರಿಯನ್ನು ಹಂತ ಹಂತವಾಗಿ ತೆಳು ಮಾಡುವುದು) ಅಂದಾಗ ಮೊದಲ ದರ್ಜೆಯವರೂ ತಪ್ಪುತ್ತಾರೆ. ಹತ್ತು ಪಟ್ಟು ತೆಳು ಮಾಡಬೇಕಾದರೆ 9 ಮಿಲೀ ಸಲೈನಿಗೆ 1 ಮಿಲೀ ಮಾದರಿ. ತುಂಬ ಜನ 10 ಮಿಲೀಗೆ 1 ಮಿಲೀ ಹಾಕುತ್ತಾರೆ, ಅದು ಹನ್ನೊಂದು ಪಟ್ಟು. ಒಂದು ಹಂತದಲ್ಲಿ ಇದು ಸಣ್ಣ ತಪ್ಪಾಗಿ ಕಾಣುತ್ತದೆ. ಆರು ಹಂತ ಹೋದಾಗ 10 ಲಕ್ಷ ಪಟ್ಟಿನ ಬದಲು ಸುಮಾರು 17.7 ಲಕ್ಷ ಪಟ್ಟು ತೆಳುವಾಗಿರುತ್ತದೆ. ಪ್ಲೇಟಿನಲ್ಲಿ ಕಾಲನಿ (ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ) ಎಣಿಸಿ 10 ಲಕ್ಷದಿಂದ ಗುಣಿಸಿದರೆ ಬರುವ ಸಂಖ್ಯೆ ನಿಜದ ಅರ್ಧಕ್ಕಿಂತ ಸ್ವಲ್ಪವೇ ಮೇಲೆ. ಕುಡಿಯುವ ನೀರಿನ ಮಾದರಿಯಲ್ಲಿ ಹೀಗಾದರೆ ಕೆಟ್ಟ ನೀರು ಒಳ್ಳೆಯದೆಂದು ದಾಟಿಹೋಗುತ್ತದೆ. ಎಣಿಸುವಾಗಲೂ 30ರಿಂದ 300 ಕಾಲನಿ ಇರುವ ಪ್ಲೇಟನ್ನೇ ಆರಿಸಬೇಕು. 12 ಕಾಲನಿಯ ಪ್ಲೇಟು ಹಿಡಿದು ಲೆಕ್ಕ ಬರೆಯುವುದು ಎರಡನೇ ತಪ್ಪು. ಪ್ರತಿ ಹಂತಕ್ಕೂ ಹೊಸ ಪಿಪೆಟ್ ತುದಿ ಬೇಕು, ಇಲ್ಲದಿದ್ದರೆ ಹಿಂದಿನ ಟ್ಯೂಬಿನ ಅಂಶ ಮುಂದಕ್ಕೆ ಹೋಗುತ್ತದೆ.

ಬ್ಯಾಕ್ಟೀರಿಯಾವನ್ನು ಬಣ್ಣದಿಂದ ಪಾಸಿಟಿವ್, ನೆಗೆಟಿವ್ ಅಂತ ಗುರುತಿಸುವ ಗ್ರಾಂ ಸ್ಟೇನ್ ಕೂಡ ಹಾಗೆಯೇ. ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಆಲ್ಕೋಹಾಲ್ 10–15 ಸೆಕೆಂಡ್, ಸ್ಯಾಫ್ರಾನಿನ್ ಅರ್ಧದಿಂದ ಒಂದು ನಿಮಿಷ. ಇಷ್ಟರಲ್ಲಿ ಪ್ರಾಣ ಇರುವುದು ಆಲ್ಕೋಹಾಲ್ ಹಂತದಲ್ಲಿ. ಸ್ಲೈಡಿನಿಂದ ಇಳಿಯುವ ದ್ರವದಲ್ಲಿ ನೇರಳೆ ನಿಂತ ತಕ್ಷಣ ನೀರು ಹಾಕಬೇಕು. ಜಾಸ್ತಿ ಹೊತ್ತು ಬಿಟ್ಟರೆ ಗ್ರಾಂ ಪಾಸಿಟಿವ್ ಕೂಡ ಗುಲಾಬಿಯಾಗಿ ಕಾಣುತ್ತದೆ. ಸ್ಮಿಯರ್ ದಪ್ಪವಾಗಿದ್ದರೆ ಇದಕ್ಕೆ ತಿರುಗಮುರುಗು, ನೆಗೆಟಿವ್ ಕೂಡ ನೇರಳೆಯಾಗೇ ಉಳಿಯುತ್ತದೆ. ಎರಡು ದಿನದ ಹಳೆಯ ಕಲ್ಚರ್ ತೆಗೆದುಕೊಂಡರೂ ಪಾಸಿಟಿವ್ ಬಣ್ಣ ಬಿಟ್ಟುಕೊಡುತ್ತದೆ. ಕಾಲೇಜು ಆರಿಸುವಾಗ ಹೆಸರಿಗಿಂತ ಮೊದಲು ಒಂದು ಪ್ರಾಕ್ಟಿಕಲ್ ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಒಂದು ಮೈಕ್ರೊಸ್ಕೋಪಿಗೆ ಎಷ್ಟು ಜನ ಅಂತ ಕೇಳಿ ಅಕ್ಕ. ಐದು ಜನ ಸೇರಿ ಒಂದು ಸ್ಲೈಡ್ ನೋಡುವ ಕಡೆ ಈ ಕೈ ಕೂರುವುದಿಲ್ಲ.

ಬಿಎಸ್ಸಿ ಆದ ಮೇಲೆ ಡಿಎಂಎಲ್‌ಟಿ (ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ) ಮಾಡಿ ಲ್ಯಾಬ್ ಇಡುತ್ತೇವೆ ಅಂತ ಕೆಲವರು ಹೊರಡುತ್ತಾರೆ. ಪರೀಕ್ಷೆ ಮಾಡಬಹುದು, ವರದಿಗೆ ಸಹಿ ಹಾಕುವಂತಿಲ್ಲ. ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಇರುವ ನೋಂದಾಯಿತ ವೈದ್ಯರೇ ಸಹಿ ಹಾಕಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನಲ್ಲೇ ನಿಂತ ನಿಯಮ ಅದು.

ಬ್ಯುರೆಟ್_ಮಾಟುಂಗಾ

ಅಗರ್ ಸರ್ ಕೈಯ ಕೆಲಸ ಹೇಳಿದರು. ತಲೆಯ ಕೆಲಸದಲ್ಲಿ ಓದಿನ ಕ್ರಮ ದೊಡ್ಡದು. ಆಮ್ಲ–ಪ್ರತ್ಯಾಮ್ಲ ಮತ್ತು ಸಮತೋಲನ, ಆಮೇಲೆ ಆರ್ಗ್ಯಾನಿಕ್, ಆಮೇಲೆ ಬಯೊಕೆಮಿಸ್ಟ್ರಿ, ಕೊನೆಗೆ ಫಿಸಿಯಾಲಜಿ. ಕ್ರಮ ತಪ್ಪಿದರೆ ಬಯೊಕೆಮಿಸ್ಟ್ರಿ ಬರೀ ಹೆಸರುಗಳ ಪಟ್ಟಿಯಾಗುತ್ತದೆ.

ಒಂದೇ ಸೂತ್ರ ಎಷ್ಟು ಕಡೆ ಬರುತ್ತದೆ ನೋಡಿ. ಎಫ್‌ವೈನಲ್ಲಿ ಬಫರ್‌ಗೆ (ಪಿಎಚ್ ಹೆಚ್ಚು ಬದಲಾಗದಂತೆ ಹಿಡಿಯುವ ದ್ರಾವಣ) ಹೆಂಡರ್ಸನ್–ಹ್ಯಾಸಲ್ಬಾಕ್ ಸಮೀಕರಣ ಕಲಿಸುತ್ತಾರೆ, ಅಸಿಟೇಟ್ ಬಫರ್ ಮಾಡಿಸಿ ಬಿಟ್ಟುಬಿಡುತ್ತಾರೆ. ಅದೇ ಸಮೀಕರಣ ರಕ್ತದಲ್ಲಿ ಇದೆ. ಅಪಧಮನಿಯ ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ 40 ಮಿಮೀ ಪಾದರಸ. ಅದನ್ನು 0.03ರಿಂದ ಗುಣಿಸಿದರೆ ಕರಗಿರುವ ಅನಿಲ 1.2 ಮಿಲಿಮೋಲ್. ಬೈಕಾರ್ಬೊನೇಟ್ 24. ಭಾಗಿಸಿದರೆ 20. ಲಾಗ್ 20 ಅಂದರೆ 1.3. ಪಿಕೆಎ (ಆಮ್ಲದ ಬಲದ ಅಳತೆ) 6.1ಕ್ಕೆ ಸೇರಿಸಿದರೆ 7.4, ಅದೇ ರಕ್ತದ ಪಿಎಚ್. ಉಸಿರಾಟ ನಿಧಾನವಾಗಿ ಒತ್ತಡ 60ಕ್ಕೆ ಏರಿತು ಅನ್ನಿ. ಕರಗಿದ ಅನಿಲ 1.8, ಅನುಪಾತ 13.3, ಪಿಎಚ್ ಸುಮಾರು 7.22ಕ್ಕೆ ಇಳಿಯುತ್ತದೆ. ಮೂತ್ರಪಿಂಡ ದಿನಗಳ ಮೇಲೆ ಬೈಕಾರ್ಬೊನೇಟ್ ಹೆಚ್ಚಿಸಿ ಆ ಅನುಪಾತವನ್ನು ಮತ್ತೆ 20ರ ಕಡೆಗೆ ಎಳೆಯುತ್ತದೆ. ಇಷ್ಟನ್ನು ಪೆನ್ಸಿಲಿನಲ್ಲಿ ಮಾಡಬಲ್ಲವರಿಗೆ ಉಸಿರಾಟದ ಅಧ್ಯಾಯವೂ, ಮೂತ್ರಪಿಂಡದ ಅಧ್ಯಾಯವೂ ಅರ್ಧ ಮುಗಿದ ಹಾಗೆ.

ಗ್ಲೈಸಿನ್‌ನ ಐಸೊಎಲೆಕ್ಟ್ರಿಕ್ ಬಿಂದುವೂ ಹೀಗೇ. ಅದರ ಎರಡು ಪಿಕೆಎ 2.34 ಮತ್ತು 9.60 ಕೂಡಿಸಿ ಎರಡರಿಂದ ಭಾಗಿಸಿದರೆ 5.97. ಆ ಪಿಎಚ್‌ನಲ್ಲಿ ಅಣುವಿನ ಒಟ್ಟು ವಿದ್ಯುದಂಶ ಸೊನ್ನೆ ಏಕೆ ಅಂತ ಬಿಡಿಸಿ ಹೇಳಲು ಬಂದರೆ ಎಲೆಕ್ಟ್ರೊಫೊರೆಸಿಸ್ ತಾನಾಗಿ ಅರ್ಥವಾಗುತ್ತದೆ.

ಇನ್ನೊಂದು: ಹುಡುಗಿ ಗಣಿತ ಬಿಟ್ಟಿದ್ದಾಳೆ ಅಲ್ಲವೇ? ಎಂಎಸ್ಸಿ ಪ್ರವೇಶ ಪರೀಕ್ಷೆ ಐಐಟಿ ಜಾಮ್‌ನ ಬಯೊಟೆಕ್ನಾಲಜಿ ಪೇಪರಿನಲ್ಲಿ ಹನ್ನೆರಡನೇ ತರಗತಿ ಮಟ್ಟದ ಗಣಿತ, ಫಿಸಿಕ್ಸ್ ಇರುತ್ತದೆ. ಎಸ್‌ವೈ ರಜೆಯಲ್ಲಿ ಲಾಗರಿದಮ್, ಡಿಫರೆನ್ಷಿಯೇಷನ್, ಸಂಭವನೀಯತೆ ಇಷ್ಟಾದರೂ ನೋಡಿಕೊಳ್ಳಲಿ. ಸ್ಟ್ಯಾಟಿಸ್ಟಿಕ್ಸ್ ಎಲ್ಲಿ ಸಿಕ್ಕರೂ ಬಿಡಬಾರದು. ಆರೋಗ್ಯ ಕ್ಷೇತ್ರದ ಯಾವ ಎಂಎಸ್ಸಿಗೆ ಹೋದರೂ ಅದು ಬೇಕು.

ಜತ್ತ_ಟು_ಪುಣೆ

ನಮ್ಮ ಕನ್ನಡದ ಮನೆಗಳಿಗೆಂದೇ ಒಂದು ವಿಷಯ, ಅಕ್ಕನಿಗಲ್ಲದಿದ್ದರೂ ಓದುವ ಬೇರೆಯವರಿಗೆ. ಮುಂಬೈಯಲ್ಲಿ ಹತ್ತನೇ ಮುಗಿಸಿದ ಮಕ್ಕಳನ್ನು ಪಿಯುಸಿಗೆ ಮಂಗಳೂರು, ಉಡುಪಿ ಕಡೆ ಹಾಸ್ಟೆಲಿಗೆ ಕಳಿಸುವುದು ನಮ್ಮಲ್ಲಿ ಬಹಳ. ಅಲ್ಲಿನ ಓದು ಚೆನ್ನಾಗಿರುತ್ತದೆ, ನಿಜ. ಆದರೆ ಮಹಾರಾಷ್ಟ್ರದ 85 ಶೇಕಡಾ ರಾಜ್ಯ ಕೋಟಾಕ್ಕೆ ಡೊಮಿಸೈಲ್ (ವಾಸ ಪ್ರಮಾಣಪತ್ರ) ಜೊತೆಗೆ ಹತ್ತನೇ, ಹನ್ನೆರಡನೇ ಎರಡೂ ಮಹಾರಾಷ್ಟ್ರದಲ್ಲೇ ಆಗಿರಬೇಕು. ಪಿಯುಸಿ ಅಲ್ಲಿ ಮಾಡಿದರೆ ಈ ಕೋಟಾ ಹೋಗುತ್ತದೆ. ಕರ್ನಾಟಕದ ಸಾಮಾನ್ಯ ಅರ್ಹತೆಗೆ ಅಲ್ಲಿ ಕನಿಷ್ಠ 7 ವರ್ಷ ಓದಿರಬೇಕು, ಎರಡು ವರ್ಷ ಸಾಲದು. ಮಗು ಆ ದಡಕ್ಕೂ ಇಲ್ಲ, ಈ ದಡಕ್ಕೂ ಇಲ್ಲ. ಅಖಿಲ ಭಾರತ 15 ಶೇಕಡಾ ಮತ್ತು ಖಾಸಗಿ, ಡೀಮ್ಡ್ ಸೀಟುಗಳೇ ಗತಿ.

ಅಂಥವರು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮಾಹಿತಿ ಪುಸ್ತಕದಲ್ಲಿ ಹೊರನಾಡು ಕನ್ನಡಿಗ, ಗಡಿನಾಡು ಕನ್ನಡಿಗ ಕಲಮುಗಳನ್ನು ಓದಲೇಬೇಕು. ತಾಯ್ನುಡಿ ಕನ್ನಡ, ತುಳು ಅಥವಾ ಕೊಡವ ಆಗಿರುವವರಿಗೆ ಅದು. ಗಡಿನಾಡು ಅಂದರೆ ನಮ್ಮ ಕಡೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳು. ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ಕನ್ನಡ ಮಾತಾಡಿಯೂ ಅಕ್ಷರ ಬಾರದ ಮಕ್ಕಳು ಅಲ್ಲಿ ಸಿಕ್ಕಿಬೀಳುತ್ತಾರೆ. ಹತ್ತನೇ ತರಗತಿಯಿಂದಲೇ ಓದು ಬರಹ ಕಲಿಸಿ ಇಡಿ.

ನೀಟ್ ಕನ್ನಡದಲ್ಲೂ ಇದೆ, ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ. ಇಲ್ಲಿ ಬರೆಯುವವರಿಗೆ ಇಂಗ್ಲಿಷ್, ಹಿಂದಿ, ಉರ್ದು, ಮರಾಠಿ.

ಟಿವೈ_ಮಾರ್ಗದರ್ಶಿ

ಇದನ್ನು ಪ್ರತಿ ಕನ್ನಡ ಸಂಘದ ಫಲಕದಲ್ಲಿ ಹಾಕಬೇಕು ಅಣ್ಣ. ಗೊತ್ತಾಗುವಷ್ಟರಲ್ಲಿ ಹಾಸ್ಟೆಲ್ ಫೀ ಕಟ್ಟಿ ಆಗಿರುತ್ತದೆ.

ವಾಶಿ_ಓದುಗ

ಹೊರದೇಶದ ಬಗ್ಗೆ ಯಾರಾದರೂ ಹೇಳುವಿರಾ? ಇಲ್ಲಿ ಬಿಎಸ್ಸಿ ಮಾಡಿ ಅಮೆರಿಕ ಅಥವಾ ಆಸ್ಟ್ರೇಲಿಯಾದಲ್ಲಿ ಮೆಡಿಕಲ್ ಸೇರಲು ಆಗುತ್ತದೆಯೇ?

ಕೊಥ್ರೂಡ್_ಕನ್ನಡಿಗ

ಅಮೆರಿಕ ಬಹಳ ಕಷ್ಟ. ಅಲ್ಲಿನ ಬಹುತೇಕ ಮೆಡಿಕಲ್ ಕಾಲೇಜುಗಳು ಲ್ಯಾಬ್ ಸಹಿತ ಒಂದೊಂದು ವರ್ಷದ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್, ಫಿಸಿಕ್ಸ್ ಕೇಳುತ್ತವೆ, ಮೇಲೆ ಬಯೊಕೆಮಿಸ್ಟ್ರಿ. ಅದೂ ಅಮೆರಿಕ ಅಥವಾ ಕೆನಡಾದ ಕಾಲೇಜಿನಲ್ಲೇ ಓದಿರಬೇಕು ಅನ್ನುವವರೇ ಹೆಚ್ಚು. ವೀಸಾದ ಮೇಲೆ ಬರುವವರನ್ನು ತೆಗೆದುಕೊಳ್ಳುವ ಕಾಲೇಜುಗಳೇ ಕಡಿಮೆ. ಆದರೂ ಆ ಕಡೆ ಮನಸ್ಸಿದ್ದರೆ ನಾಲ್ಕು ವರ್ಷದ ಆನರ್ಸ್ ಮಾಡುವುದು ಲೇಸು.

ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ ನಾಲ್ಕು ಭಾಗ, ಪ್ರತಿಯೊಂದಕ್ಕೂ 118ರಿಂದ 132, ಒಟ್ಟು 472ರಿಂದ 528. ಮೂರು ವಿಜ್ಞಾನ ಮತ್ತು ಸಮಾಜ ಭಾಗಗಳಲ್ಲಿ 59 ಪ್ರಶ್ನೆ, 95 ನಿಮಿಷ. ಓದಿ ಅರ್ಥೈಸುವ ಭಾಗದಲ್ಲಿ 53 ಪ್ರಶ್ನೆ, 90 ನಿಮಿಷ. ಕ್ಯಾಲ್ಕುಲೇಟರ್ ಇಲ್ಲ. ಬ್ಯುರೆಟ್ ಸರ್ ಮೇಲೆ ಪೆನ್ಸಿಲಿನಲ್ಲಿ ಮಾಡಿದಂಥ ಲಾಗ್ ಲೆಕ್ಕ ಕೈಯಲ್ಲೇ ಬರಬೇಕು. ಒಂದು ಭಾಗ ಪೂರ್ತಿ ಮನಃಶಾಸ್ತ್ರ, ಸಮಾಜಶಾಸ್ತ್ರದ ಮೇಲೆ. ಇಲ್ಲಿ ನಮ್ಮ ಓಪನ್ ಇಲೆಕ್ಟಿವ್ ಕೆಲಸಕ್ಕೆ ಬರುತ್ತದೆ. ಹೇಗೂ ಕಲಾ ವಿಭಾಗದಿಂದ ತೆಗೆದುಕೊಳ್ಳಲೇಬೇಕಲ್ಲ, ಸುಲಭ ಅಂಕದ ಯಾವುದೋ ಒಂದನ್ನು ಹಿಡಿಯುವ ಬದಲು ಮನಃಶಾಸ್ತ್ರ ಹಿಡಿಯಲಿ. ಹೊರದೇಶಕ್ಕೆ ಹೋಗದಿದ್ದರೂ ರೋಗಿಯ ಜೊತೆ ಕೆಲಸ ಮಾಡುವವರಿಗೆ ಅದು ನಷ್ಟದ ಓದಲ್ಲ.

ಆಸ್ಟ್ರೇಲಿಯಾದ ಪದವಿ ನಂತರದ ಮೆಡಿಕಲ್ ಕೋರ್ಸುಗಳಲ್ಲಿ ಹಲವಕ್ಕೆ ಗ್ಯಾಮ್‌ಸ್ಯಾಟ್ ಪ್ರವೇಶ ಪರೀಕ್ಷೆ. ಅದರ ವಿಜ್ಞಾನ ಭಾಗದಲ್ಲಿ ಬಯಾಲಜಿ 40, ಕೆಮಿಸ್ಟ್ರಿ 40, ಫಿಸಿಕ್ಸ್ 20 ಶೇಕಡಾ. ಕೆಮಿಸ್ಟ್ರಿ–ಝೂವಾಲಜಿ ಜೋಡಿಗೆ ಇದು ಹೊಂದುತ್ತದೆ. ಪ್ರಬಂಧ ಬರೆಯುವ ಭಾಗವೂ ಇದೆ, ವಿಜ್ಞಾನದ ಮಕ್ಕಳು ಅದನ್ನು ಕೊನೆಗೆ ನೋಡಿ ಪೇಚಾಡುತ್ತಾರೆ.

ಹೊರದೇಶದಲ್ಲಿ ಎಂಬಿಬಿಎಸ್ ಮಾಡಿ ಇಲ್ಲಿ ವೃತ್ತಿ ಮಾಡುವವರಿಗೆ 2021ರ ನಿಯಮ ಕಟ್ಟುನಿಟ್ಟು: ಕೋರ್ಸು ಕನಿಷ್ಠ 54 ತಿಂಗಳು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಬೋಧನೆ ಇಂಗ್ಲಿಷಿನಲ್ಲಿ. ನೀಟ್ ಪಾಸಾಗಿಯೇ ಹೋಗಬೇಕು. ಏಜೆಂಟರು ಈ ನಾಲ್ಕರಲ್ಲಿ ಒಂದನ್ನು ಹೇಳದೆ ಬಿಡುತ್ತಾರೆ.

ಪರೇಲ್_ಪಥ್ಯ

ಮುಂಬೈಯಲ್ಲೇ ಇರುವ, ಆದರೆ ಕಣ್ಣಿಗೆ ಬೀಳದ ದಾರಿಗಳನ್ನೂ ಹೇಳಿಬಿಡುತ್ತೇನೆ. ಫಿಸಿಕ್ಸ್ ಇಷ್ಟ ಇರುವವರು ಬಿಎಸ್ಸಿ, ಎಂಎಸ್ಸಿ ಫಿಸಿಕ್ಸ್ ಮಾಡಿ ಬಿಎಆರ್‌ಸಿಯ (ಭಾಭಾ ಅಣು ಸಂಶೋಧನಾ ಕೇಂದ್ರ) ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾಗೆ ಹೋಗಬಹುದು, ಒಂದು ವರ್ಷದ್ದು. ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣದ ಪ್ರಮಾಣ ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್ ಆಗುವುದು ಹೀಗೆ. ದೇವನಾರಿನ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸು, ಆಸ್ಪತ್ರೆ ಆಡಳಿತದ ಕೋರ್ಸು ಇವೆ. ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ಶ್ರವಣ ಮತ್ತು ವಾಕ್ ಚಿಕಿತ್ಸೆ, ಹಾಜಿ ಅಲಿಯ ಪುನರ್ವಸತಿ ಸಂಸ್ಥೆಯಲ್ಲಿ ಕೃತಕ ಕೈಕಾಲಿನ ಕೋರ್ಸು. ಈ ಕೊನೆಯ ಎರಡಕ್ಕೆ ಹನ್ನೆರಡನೇ ತರಗತಿಯ ತನಕದ ಓದೇ ಸಾಕು, ಬಿಎಸ್ಸಿ ಮುಗಿಸಿ ಹೋದರೆ ಮೂರು ವರ್ಷ ಸುಮ್ಮನೆ ಕಳೆದ ಹಾಗೆ.

ರೋಗಿಗಳ ನಡುವೆ ಇದ್ದು ನೋಡುವುದಕ್ಕೆ ಎನ್‌ಎಸ್‌ಎಸ್ ಸೇರಲಿ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ಶಿಬಿರ. ಯಾವ ದಿನ, ಎಲ್ಲಿ, ಎಷ್ಟು ಗಂಟೆ, ಏನು ಕೆಲಸ ಅಂತ ಡೈರಿ ಬರೆದು ಪ್ರತಿ ತಿಂಗಳು ಕಾರ್ಯಕ್ರಮಾಧಿಕಾರಿಯ ಸಹಿ ಹಾಕಿಸಲಿ. ಎರಡು ವರ್ಷ ಬಿಟ್ಟು ಹೋಗಿ ಕೇಳಿದರೆ ಆ ಅಧಿಕಾರಿ ಬದಲಾಗಿರುತ್ತಾರೆ.

ಡೊಂಬಿವಲಿ_ಅಮ್ಮ

ಎಲ್ಲರ ಮಾತೂ ಮಗಳಿಗೆ ಓದಿ ಹೇಳಿದೆ. ಸಿಇಟಿ ಸೆಲ್‌ನಲ್ಲಿ ಆ ಇನ್ನೊಂದು ಗುಂಪಿನ ನೋಂದಣಿ ಇನ್ನೂ ತೆರೆದಿದೆ, ಫಿಸಿಯೊ ಮತ್ತು ಬಿಎಎಸ್‌ಎಲ್‌ಪಿಗೆ ಅರ್ಜಿ ಹಾಕುತ್ತಿದ್ದೇವೆ. ಅಲ್ಲಿ ಸಿಗುವ ತನಕ ಕೆಮಿಸ್ಟ್ರಿ–ಝೂವಾಲಜಿ ಸೀಟು ಕೈಯಲ್ಲಿ ಇಟ್ಟುಕೊಳ್ಳುವ ವಿಚಾರ. ಮಧ್ಯೆ ಬಿಡಬೇಕಾಗಿ ಬಂದರೆ ಕಾಲೇಜಿನವರು ಮೂಲ ದಾಖಲೆ ಕೊಡಲು ತೊಂದರೆ ಮಾಡುತ್ತಾರೆಯೇ?

ಟಿವೈ_ಮಾರ್ಗದರ್ಶಿ

ಸೇರುವಾಗ ಅವರು ಜೂನಿಯರ್ ಕಾಲೇಜಿನ ಮೂಲ ಎಲ್‌ಸಿ (ಕಾಲೇಜು ಬಿಟ್ಟ ಪ್ರಮಾಣಪತ್ರ) ತೆಗೆದುಕೊಳ್ಳುತ್ತಾರೆ. ಕೊಡುವ ಮೊದಲು ಎಲ್‌ಸಿ, ಹತ್ತು ಮತ್ತು ಹನ್ನೆರಡರ ಮಾರ್ಕ್‌ಶೀಟ್, ಡೊಮಿಸೈಲ್, ಜಾತಿ ಪ್ರಮಾಣಪತ್ರ ಇದ್ದರೆ ಅದು, ಎಲ್ಲದರ ಎರಡೂ ಬದಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಇಡಿ, ಮೂರು ಮೂರು ಪ್ರತಿ ದೃಢೀಕರಿಸಿ ಇಡಿ. ಯಾವ ಮೂಲ ದಾಖಲೆ ಅವರ ಬಳಿ ಇದೆ ಅಂತ ಕಾಲೇಜಿನ ಮೊಹರು ಇರುವ ರಸೀದಿ ಕೇಳಿ ಪಡೆಯಿರಿ. ಸಿಇಟಿ ಸೆಲ್‌ನ ಪ್ರವೇಶ ಸುತ್ತಿನಲ್ಲಿ ಸೀಟು ಬಂದ ದಿನವೇ ಪ್ರವೇಶ ರದ್ದತಿಗೆ ಅರ್ಜಿ ಕೊಟ್ಟು, ಒಂದು ಪ್ರತಿಯ ಮೇಲೆ ತಾರೀಖು ಸಹಿತ ಸ್ವೀಕೃತಿ ಹಾಕಿಸಿ. ಶುಲ್ಕ ಎಷ್ಟು ವಾಪಸ್ ಬರುತ್ತದೆ ಅನ್ನುವುದು ಆ ತಾರೀಖಿನ ಮೇಲೆ ನಿಲ್ಲುತ್ತದೆ. ಹೊಸ ಕಾಲೇಜಿಗೆ ಹೋಗಿ ಹಾಜರಾಗಲು ಸಿಗುವುದು ಕೆಲವೇ ದಿನ, ಅದರಲ್ಲಿ ಶನಿವಾರ, ಭಾನುವಾರ, ಗಣಪತಿ ರಜೆ ಬಂದರೆ ಕಾಲೇಜಿನ ಕಚೇರಿ ಮುಚ್ಚಿರುತ್ತದೆ. ರಜೆಯ ಪಟ್ಟಿಯನ್ನು ಸುತ್ತಿನ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ಮೊದಲೇ ನೋಡಿಕೊಳ್ಳಿ ಅಕ್ಕ.